ಬಾಣೆಯ ಇಳಿಜಾರಿನಲ್ಲಿ ಒಂದು ಮನೆ, ನಾಲ್ಕು ಆನ್‌ಲೈನ್ ಸಾಧನಗಳು

ಕೊಡಗಿನ ಸುಂಟಿಕೊಪ್ಪದಿಂದ ಮಾದಾಪುರಕ್ಕೆ ಹೋಗುವ ರಸ್ತೆಯ ಮಗ್ಗುಲಿನ ಒಂದು ಬಾಣೆಯಲ್ಲಿ, ಅಂದರೆ ಗುಡ್ಡದ ಇಳಿಜಾರಿನ ಜಮೀನಿನಲ್ಲಿ, ನನ್ನ ಚಿಕ್ಕಮ್ಮ ಕಟ್ಟಿಸಬೇಕೆಂದಿರುವ ಮನೆಗೆ ಪ್ಲಾನ್ ಹಾಕಿಕೊಡುವ ಹೊಣೆ ಕಳೆದ ವರ್ಷ ನನ್ನ ಮೇಲೆ ಬಿತ್ತು. ಮನೆ ದೊಡ್ಡದೇನಲ್ಲ, ಒಂದೇ ಅಂತಸ್ತು, 130 ಚದರ ಮೀಟರ್, ಅಂದರೆ ಸುಮಾರು 1,400 ಚದರ ಅಡಿ. ಪರಿಸರಕ್ಕೆ ಹೊರೆಯಾಗದಂತೆ ಕಟ್ಟುವುದಕ್ಕೆ ನೆರವಾಗುತ್ತೇವೆ ಎನ್ನುವ ಆನ್‌ಲೈನ್ ಸಾಧನಗಳ ಬಗ್ಗೆ ನಾನು ಬಹಳ ದಿನಗಳಿಂದ ಓದಿಕೊಂಡಿದ್ದರೂ, ಒಂದೇ ಮನೆಯ ಅಳತೆಗಳನ್ನು ಎಲ್ಲದಕ್ಕೂ ಕೊಟ್ಟು ಅವು ಏನು ಹೇಳುತ್ತವೆ ಎಂದು ನೋಡಿರಲಿಲ್ಲ. ಈ ಸಲ ಅದನ್ನೇ ಮಾಡಿದೆ. ಎಡ್ಜ್, ಇಕೋ ನಿವಾಸ್ ಸಂಹಿತೆಯ ಲೆಕ್ಕ, ಸ್ವಗೃಹ, ಮತ್ತು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಭೂಕುಸಿತ ಸಾಧ್ಯತೆಯ ನಕ್ಷೆ, ಈ ನಾಲ್ಕನ್ನು ನಾನು ಹೋಲಿಸುತ್ತಿದ್ದೇನೆ. ಬಳಸಿದ ಕ್ರಮದಲ್ಲೇ ಬರೆಯುತ್ತೇನೆ. ಆ ಕ್ರಮ ತಪ್ಪಾಗಿತ್ತು ಎಂಬುದೇ ನಾನು ಮುಖ್ಯವಾಗಿ ಹೇಳಬೇಕಾದ ಸಂಗತಿ.

ಎಡ್ಜ್‌ನಿಂದ ಆರಂಭಿಸಿದ್ದಕ್ಕೆ ಕಾರಣ ಅದು ಸುಲಭ ಎಂಬುದು. ವಿಶ್ವಬ್ಯಾಂಕ್ ಸಮೂಹಕ್ಕೆ ಸೇರಿದ ಅಂತರರಾಷ್ಟ್ರೀಯ ಹಣಕಾಸು ನಿಗಮ ರೂಪಿಸಿದ ಈ ಸಾಧನವನ್ನು ಬಳಸುವುದಕ್ಕೆ ಶುಲ್ಕವಿಲ್ಲ. ಪ್ರಮಾಣಪತ್ರ ಬೇಕೆಂದವರು ಮಾತ್ರ ಹಣ ಕಟ್ಟಬೇಕು. ಆ ಪ್ರದೇಶದಲ್ಲಿ ರೂಢಿಯಂತೆ ಕಟ್ಟುವ ಮನೆಯೊಂದನ್ನು ಅಳತೆಗೋಲಾಗಿ ಇಟ್ಟುಕೊಂಡು, ಬಳಸುವ ಶಕ್ತಿ, ನೀರು, ಮತ್ತು ಸಾಮಗ್ರಿಗಳನ್ನು ತಯಾರಿಸುವಾಗ ಆಗುವ ಹೊರೆ, ಈ ಮೂರರಲ್ಲೂ ಕನಿಷ್ಠ ಶೇ. 20ರಷ್ಟು ಉಳಿತಾಯ ಸಾಧಿಸಬೇಕೆಂದು ಅದು ಕೇಳುತ್ತದೆ. ಊರಿನ ಹವಾಮಾನಕ್ಕೆ ಪಟ್ಟಿಯಲ್ಲಿನ ಒಂದು ನಗರವನ್ನು ಆರಿಸಬೇಕು. ನಾನು ಬೆಂಗಳೂರನ್ನು ಆರಿಸಿ, ಮಳೆ ಮತ್ತು ಉಷ್ಣಾಂಶದ ಅಂಕಿಗಳನ್ನು ತಿದ್ದಿಕೊಂಡೆ. ಜಂಬಿಟ್ಟಿಗೆಯ (ಕೆಂಪುಕಲ್ಲಿನ) ಬದಲು ಸಿಮೆಂಟ್ ಬ್ಲಾಕ್, ಕಾಂಕ್ರೀಟ್ ತಾರಸಿಯ ಬದಲು ಹಂಚಿನ ಮಾಡು, ಹೀಗೆ ಒಂದೊಂದನ್ನೇ ಬದಲಾಯಿಸಿದಾಗ ಅಂಕಿ ಏರುವುದು, ಇಳಿಯುವುದು ಆ ಕ್ಷಣದಲ್ಲೇ ಕಣ್ಣಿಗೆ ಕಾಣುತ್ತದೆ. ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ವಿವರಿಸುವುದಕ್ಕೆ ಇದಕ್ಕಿಂತ ಅನುಕೂಲವಾದ ಸಾಧನ ನನಗೆ ಸಿಕ್ಕಿಲ್ಲ.

ನೀರಿನ ವಿಷಯದಲ್ಲಿ ಮಾತ್ರ ಅದರ ಉತ್ತರವನ್ನು ಇದ್ದಂತೆಯೇ ಒಪ್ಪಿಕೊಳ್ಳಬಾರದು. ಮಳೆನೀರು ಸಂಗ್ರಹವನ್ನು ಸೇರಿಸಿದೊಡನೆ ಉಳಿತಾಯದ ಅಂಕಿ ಚೆನ್ನಾಗಿ ಕಾಣುತ್ತದೆ, ಏಕೆಂದರೆ ಅದು ಇಡೀ ವರ್ಷದ ಲೆಕ್ಕ. ನಮ್ಮ ಮನೆಯ ಮಾಡು 150 ಚದರ ಮೀಟರ್. ವರ್ಷಕ್ಕೆ 2,500 ಮಿಲಿಮೀಟರ್ ಮಳೆ ಎಂದು ಇಟ್ಟುಕೊಂಡು, ಐದರಲ್ಲಿ ಒಂದು ಪಾಲು ವ್ಯರ್ಥವಾಗುತ್ತದೆಂದು ಬಿಟ್ಟರೂ 3 ಲಕ್ಷ ಲೀಟರ್ ನೀರು ಸಿಗುತ್ತದೆ. ಆದರೆ ಆ ನೀರಿನ ಬಹುಪಾಲು ಬೀಳುವುದು ಬಾವಿ, ತೋಡು ಎಲ್ಲವೂ ತುಂಬಿ ಹರಿಯುವ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತಿಂಗಳುಗಳಲ್ಲಿ. ಐದು ಜನರ ಮನೆಗೆ ತಲೆಗೆ 135 ಲೀಟರಿನಂತೆ ದಿನಕ್ಕೆ 675 ಲೀಟರ್ ಬೇಕು. 5,000 ಲೀಟರಿನ ಟ್ಯಾಂಕ್ ತುಂಬಿದ್ದರೂ ಒಂದು ವಾರಕ್ಕೆ ಸಾಲುತ್ತದೆ ಅಷ್ಟೆ. ಜನವರಿಯಿಂದ ಮಾರ್ಚ್‌ವರೆಗಿನ 90 ದಿನ ಮಳೆಯಿಲ್ಲದೆ ದಾಟಬೇಕಾದರೆ 60,000 ಲೀಟರಿಗಿಂತ ಹೆಚ್ಚು ನೀರನ್ನು ಹಿಡಿದಿಡುವ ತೊಟ್ಟಿ ಬೇಕು. ಗಿಡ ಹೂಬಿಡಲು ಬೇಕಾದ ಹೂಮಳೆಗಾಗಿ ಆಕಾಶ ನೋಡುತ್ತ ಕೂರುವ ಕಾಫಿ ಬೆಳೆಗಾರರಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ಎಡ್ಜ್‌ನ ಫಲಿತಾಂಶದ ಜೊತೆಗೆ ತಿಂಗಳುವಾರು ಲೆಕ್ಕವನ್ನು ನಾನೇ ಕಾಗದದ ಮೇಲೆ ಹಾಕಿಕೊಂಡೆ, ಮತ್ತು ಆ ತೊಟ್ಟಿಯ ಖರ್ಚಿನಲ್ಲಿ ಹಳೆಯ ಬಾವಿಯನ್ನು ಹೂಳೆತ್ತಿಸುವುದೇ ಲೇಸೆಂದು ತೀರ್ಮಾನಿಸಿದೆವು.

ಇಕೋ ನಿವಾಸ್ ಸಂಹಿತೆ ಇಂಧನ ದಕ್ಷತೆಗಾಗಿ ಇರುವ ಕೇಂದ್ರ ಸರ್ಕಾರದ ಸಂಸ್ಥೆಯಾದ ಬಿಇಇ 2018ರಲ್ಲಿ ಹೊರತಂದ ವಸತಿ ಕಟ್ಟಡಗಳ ನಿಯಮಾವಳಿ. ಅದರ ಮೊದಲ ಭಾಗ ಗೋಡೆ, ಕಿಟಕಿ, ಮಾಡು, ಅಂದರೆ ಕಟ್ಟಡದ ಹೊರಕವಚಕ್ಕೆ ಸಂಬಂಧಿಸಿದ್ದು. 500 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ನಿವೇಶನದ ಮನೆಗಳನ್ನು ಉದ್ದೇಶಿಸಿ ಬರೆದದ್ದಾದರೂ, ಲೆಕ್ಕವನ್ನು ಯಾವ ಮನೆಗೆ ಬೇಕಾದರೂ ಹಾಕಬಹುದು. ಎಡ್ಜ್‌ನಷ್ಟು ಸುಲಭವಲ್ಲ, ಪ್ರತಿ ಗೋಡೆಯ ದಿಕ್ಕು, ಪ್ರತಿ ಕಿಟಕಿಯ ಅಳತೆ, ಸಜ್ಜಾ ಎಷ್ಟು ಮುಂದಕ್ಕೆ ಚಾಚಿದೆ ಎಂಬುದನ್ನೆಲ್ಲ ತುಂಬಬೇಕು, ಮತ್ತು ನನಗೆ ಅದಕ್ಕೆ ಎರಡು ಸಂಜೆ ಹಿಡಿಯಿತು. ಆದರೆ ಕಲಿಸುವುದರಲ್ಲಿ ಇದು ಎಡ್ಜ್‌ಗಿಂತ ಎಷ್ಟೋ ಮುಂದಿದೆ, ಏಕೆಂದರೆ ಇಲ್ಲಿ ಸೂತ್ರವೇ ಬಿಚ್ಚಿಟ್ಟಂತಿದೆ. ಬೆಂಗಳೂರಿನಂಥ ಸಮಶೀತೋಷ್ಣ ವಲಯಕ್ಕೆ ಗೋಡೆಯಿಂದ ಒಳಬರುವ ಶಾಖದ ಗುಣಾಂಕ 3.38 ಆದರೆ, ಗಾಜಿನ ಮೂಲಕ ನುಗ್ಗುವ ಬಿಸಿಲಿನ ಗುಣಾಂಕ 63.69. ಗೋಡೆ, ಗಾಜು ತಾವೇ ಎಷ್ಟೆಷ್ಟು ಶಾಖ ಬಿಡುತ್ತವೆ ಎಂಬುದನ್ನೂ ಸೇರಿಸಿ ಇದನ್ನು ಮನೆಯ ಭಾಷೆಗೆ ತಂದರೆ, ನೆರಳಿಲ್ಲದ ಸಾದಾ ಗಾಜಿನ ಒಂದು ಚದರ ಮೀಟರ್ ಕಿಟಕಿ, ಸಾಮಾನ್ಯ ಗೋಡೆಯ ಏಳು ಚದರ ಮೀಟರಿಗಿಂತಲೂ ಹೆಚ್ಚು ಬಿಸಿಯನ್ನು ಒಳಗೆ ತರುತ್ತದೆ.

ಜಂಬಿಟ್ಟಿಗೆಯೋ ಸಿಮೆಂಟ್ ಬ್ಲಾಕೋ ಎಂದು ನಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ನಡೆದಿದ್ದ ಚರ್ಚೆ ಈ ಎರಡು ಅಂಕಿಗಳ ಮುಂದೆ ಸಣ್ಣದಾಯಿತು. ಪಶ್ಚಿಮದ ಕಿಟಕಿಯ ಮೇಲೆ ಮಾಡನ್ನು ಮೂರು ಅಡಿ ಹೊರಗೆ ಇಳಿಸಿದ್ದರಿಂದ ಆದ ಲಾಭ ಗೋಡೆಯ ಕಲ್ಲನ್ನು ಬದಲಾಯಿಸಿದ್ದರಿಂದ ಆಗಲಿಲ್ಲ. ಐನ್‌ಮನೆಗಳ, ಅಂದರೆ ಕೊಡವರ ಕುಲದ ಹಿರಿಮನೆಗಳ, ಕಯ್ಯಾಲೆಯಲ್ಲಿ (ಜಗಲಿಯಲ್ಲಿ) ನಡುಮಧ್ಯಾಹ್ನವೂ ತಂಪಾಗಿ ಕೂತವರಿಗೆ ಇದು ಅನುಭವದಿಂದ ಗೊತ್ತಿರುವ ವಿಷಯವೇ. ಅದನ್ನು ಅಂಕಿಯಲ್ಲಿ ನೋಡಿದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಮಾಡಿನಿಂದ ಒಳಬರುವ ಶಾಖಕ್ಕೆ ಸಂಹಿತೆ ಇಟ್ಟಿರುವ ಮಿತಿ ಇನ್ನೂ ಬಿಗಿಯಾಗಿದ್ದು, ಬರೀ ಕಾಂಕ್ರೀಟ್ ತಾರಸಿ ಅದನ್ನು ದಾಟುವುದಿಲ್ಲ.

ಈ ಸಂಹಿತೆಯಲ್ಲಿ ಕೊಡಗಿನವರು ಎಚ್ಚರದಿಂದ ನೋಡಬೇಕಾದದ್ದು ಹವಾಮಾನ ವಲಯದ ಆಯ್ಕೆ. ತೆರೆಯಬಲ್ಲ ಕಿಟಕಿಯ ವಿಸ್ತೀರ್ಣ ಒಳನೆಲದ ಶೇ. 12.5 ಇದ್ದರೆ ಸಮಶೀತೋಷ್ಣ ವಲಯಕ್ಕೆ ಸಾಕು. ಕರಾವಳಿಯಂಥ ಬೆಚ್ಚಗಿನ ಆರ್ದ್ರ ವಲಯಕ್ಕೆ ಶೇ. 16.66 ಬೇಕು, ಶೀತ ವಲಯಕ್ಕೆ ಶೇ. 8.33. ನೂರು ಚದರ ಮೀಟರ್ ನೆಲಕ್ಕೆ ಈ ವ್ಯತ್ಯಾಸ ಎಂದರೆ ಎರಡು ಮೂರು ದೊಡ್ಡ ಕಿಟಕಿಗಳು. ಲೆಕ್ಕ ಸಮಶೀತೋಷ್ಣದ್ದೇ ಆದರೂ, ನಾಲ್ಕು ತಿಂಗಳು ಬಟ್ಟೆ ಒಣಗದೆ, ಪೆಟ್ಟಿಗೆಯೊಳಗಿನ ಸೀರೆಗೂ ಬೂಸ್ಟು ಹಿಡಿಯುವ ಜಾಗದಲ್ಲಿ ಗಾಳಿಯಾಟಕ್ಕೆ ಆರ್ದ್ರ ವಲಯದ ಪ್ರಮಾಣವನ್ನೇ ಹಿಡಿಯುವುದು ಸರಿ ಎಂದು ನನ್ನ ಅಭಿಪ್ರಾಯ. ಈ ಲೆಕ್ಕ ನೋಡುವುದು ಶಾಖವನ್ನು, ಗೋಡೆಯ ತೇವವನ್ನಲ್ಲ.

ಸ್ವಗೃಹದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಹಸಿರು ಕಟ್ಟಡಗಳಿಗೆ ಅಂಕ ಕೊಡುವ ಗೃಹ ಎಂಬ ರಾಷ್ಟ್ರೀಯ ಶ್ರೇಯಾಂಕ ಪದ್ಧತಿಯ ಚಿಕ್ಕ ರೂಪವಾದ ಇದು 2,500 ಚದರ ಮೀಟರಿಗಿಂತ ಚಿಕ್ಕದಾದ ಕಟ್ಟಡಗಳಿಗಾಗಿ ಇದೆ. ನಾನು ಬಳಸಿದ ಆವೃತ್ತಿಯಲ್ಲಿ 14 ಮಾನದಂಡಗಳು, 50 ಅಂಕಗಳು. ಇದರ ವಿಶೇಷವೆಂದರೆ ಮೊದಲ ಮಾನದಂಡವೇ ಅಂಗಳಕ್ಕೆ ಸಿಮೆಂಟ್ ಹಾಸುವುದನ್ನು ಕಡಿಮೆ ಮಾಡುವುದು, ಸ್ಥಳೀಯ ಗಿಡಮರಗಳನ್ನು ಉಳಿಸುವುದು. ಕಟ್ಟಡದ ಸಾಧನಗಳ ಪೈಕಿ ಮನೆಯ ಹೊರಗಿನ ನೆಲದ ಬಗ್ಗೆ ಮೊದಲೇ ಪ್ರಶ್ನೆ ಕೇಳಿದ್ದು ಇದೊಂದೇ.

ಪ್ಲಾನ್ ಹೆಚ್ಚುಕಡಿಮೆ ಮುಗಿದ ಮೇಲೆ ನಾನು ಭೂಕುಸಿತದ ನಕ್ಷೆಯನ್ನು ತೆರೆದದ್ದು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಇಳಿದದ್ದನ್ನು, 2019ರಲ್ಲಿ ತೋರದಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ ಆದದ್ದನ್ನು ಹತ್ತಿರದಿಂದ ಕಂಡ ಜಿಲ್ಲೆಯಲ್ಲಿ ಮನೆ ಕಟ್ಟುವವನು ಇದನ್ನು ಕೊನೆಗೆ ನೋಡಬಾರದಿತ್ತು. ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 2014ರಲ್ಲಿ ಕೈಗೆತ್ತಿಕೊಂಡ ರಾಷ್ಟ್ರೀಯ ಯೋಜನೆಯಲ್ಲಿ ತಯಾರಾದ ಈ ನಕ್ಷೆಗಳು ಭೂಕೋಶ್ ಜಾಲತಾಣದಲ್ಲಿ ಸಿಗುತ್ತವೆ. 2024ರ ಜುಲೈಯಲ್ಲಿ ಭೂಸಂಕೇತ್ ಎಂಬ ಇನ್ನೊಂದು ತಾಣವೂ ಬಂದಿದೆ. ನೆಲವನ್ನು ಕುಸಿತದ ಸಾಧ್ಯತೆ ಹೆಚ್ಚು, ಮಧ್ಯಮ, ಕಡಿಮೆ ಎಂದು ಅವು ಬಣ್ಣದಲ್ಲಿ ವಿಂಗಡಿಸುತ್ತವೆ. ಮಾಪಕ 1:50,000. ಎಂದರೆ ನಕ್ಷೆಯ ಒಂದು ಮಿಲಿಮೀಟರ್ ನೆಲದ ಮೇಲೆ 50 ಮೀಟರ್, ಮತ್ತು 12 ಮೀಟರ್ ಉದ್ದದ ನಮ್ಮ ಮನೆ ಅದರಲ್ಲಿ ಕಾಲು ಮಿಲಿಮೀಟರ್. ಬೆಟ್ಟದ ಈ ಮಗ್ಗುಲು ಹೇಗೆ, ಆ ಮಗ್ಗುಲು ಹೇಗೆ ಎಂದು ತಿಳಿಯುವುದಕ್ಕೆ ಅದು ಬಹಳ ಬೆಲೆಯುಳ್ಳದ್ದು. ಪಕ್ಕದವರು ಹೋದ ಬೇಸಿಗೆಯಲ್ಲಿ ಜೆಸಿಬಿಯಿಂದ ಕಡಿಸಿದ ಬರೆ (ಗುಡ್ಡ ಕಡಿದಾಗ ನಿಲ್ಲುವ ಮಣ್ಣಿನ ಗೋಡೆ) ಅದರಲ್ಲಿ ಇರುವುದಿಲ್ಲ.

ನಮ್ಮ ಜಾಗಕ್ಕೆ ಮಧ್ಯಮ ಎಂಬ ಬಣ್ಣ ಬಂತು. ಇಳಿಜಾರನ್ನು ಖಚಿತಪಡಿಸಿಕೊಳ್ಳಲು ಉಪಗ್ರಹದ 30 ಮೀಟರ್ ಅಂತರದ ಎತ್ತರದ ದತ್ತಾಂಶವನ್ನು ನೋಡಿದಾಗ ಸುಮಾರು 11 ಡಿಗ್ರಿ ಎಂದು ಸಿಕ್ಕಿತು. ಸಮಾಧಾನವಾಗದೆ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ ಮಟ್ಟ ನೋಡುವ ನೀರಿನ ಟ್ಯೂಬ್ ಹಿಡಿದು ಅಳೆದೆ. ಅಡ್ಡಕ್ಕೆ 20 ಮೀಟರ್ ಹೋಗುವಷ್ಟರಲ್ಲಿ ನೆಲ 7 ಮೀಟರ್ ಇಳಿದಿತ್ತು. ಅದು 19 ಡಿಗ್ರಿ. ಸಿಲ್ವರ್ ಓಕ್, ಬಳಂಜಿ ಮರಗಳ ದಟ್ಟ ನೆರಳಿರುವ ತೋಟದಲ್ಲಿ ಉಪಗ್ರಹದ ಎತ್ತರಕ್ಕೆ ಮರದ ತಲೆಗಳೂ ಸೇರಿಕೊಳ್ಳುತ್ತವೆ, 30 ಮೀಟರಿಗೊಂದು ಬಿಂದುವಿನಲ್ಲಿ ಸಣ್ಣ ದಿಣ್ಣೆಗಳು ಅಳಿಸಿಹೋಗುತ್ತವೆ. ಟ್ಯೂಬ್ ಸುತ್ತಿಡುತ್ತ ಮೇಸ್ತ್ರಿ ಕೇಳಿದರು: “ಸಾರ್, ಇಲ್ಲಿ ಜುಲೈಯಲ್ಲಿ ಜಲ ಏಳ್ತದೆ. ಅದು ನಿಮ್ಮ ಕಂಪ್ಯೂಟರಿನಲ್ಲಿ ಕಾಣ್ತದಾ?” ನೆಲದೊಳಗಿಂದ ನೀರು ಒಸರುತ್ತದೆಂದು ಅವರು ತೋರಿಸಿದ ಕಡೆ, ಮಾರ್ಚ್ ತಿಂಗಳಾದರೂ, ಜರಿಗಿಡಗಳು ಹಸಿರಾಗಿದ್ದವು. ಅಡುಗೆಮನೆ ಬರಬೇಕಾಗಿದ್ದ ಜಾಗ ಅದು.

ಆ ಇಳಿಜಾರಿನಲ್ಲಿ 10 ಮೀಟರ್ ಅಗಲದ ಸಮತಟ್ಟು ಬೇಕೆಂದರೆ ಹಿಂದೆ ಮೂರೂವರೆ ಮೀಟರ್ ಎತ್ತರದ ಬರೆ ನಿಲ್ಲುತ್ತದೆ, ಜಲ ಏಳುವ ಮಣ್ಣಿನಲ್ಲಿ. ಅರವತ್ತು ಮೀಟರ್ ಮೇಲೆ, ಹಳೆಯ ಕಣದ ಬಳಿ, ಇಳಿಜಾರು ಹತ್ತಕ್ಕೆ ಒಂದರಷ್ಟು ಮಾತ್ರ. ಅಲ್ಲಿ ಒಂದು ಮೀಟರ್ ಕಡಿದರೆ ಆಯಿತು. ಮನೆಯನ್ನು ದಿಕ್ಕು ಬದಲಿಸದೆ ಅಲ್ಲಿಗೆ ಸರಿಸಿ ಮತ್ತೆ ಎಲ್ಲ ಸಾಧನಗಳಲ್ಲಿ ಲೆಕ್ಕ ಹಾಕಿದೆ. ಎಡ್ಜ್‌ನಲ್ಲಿ ಒಂದು ಅಂಕಿಯೂ ಬದಲಾಗಲಿಲ್ಲ. ಸಂಹಿತೆಯ ಲೆಕ್ಕದಲ್ಲೂ ಬದಲಾಗಲಿಲ್ಲ. ಸ್ವಗೃಹದಲ್ಲಿ ಉಳಿದ ಮರಗಳಿಂದ ಅಲ್ಪಸ್ವಲ್ಪ ವ್ಯತ್ಯಾಸ. ಇದನ್ನು ದೋಷವೆಂದು ಹೇಳುತ್ತಿಲ್ಲ, ಅವು ಆ ಕೆಲಸಕ್ಕೆ ಹುಟ್ಟಿದವಲ್ಲ. ಆದರೆ ಬೆಟ್ಟದ ಸೀಮೆಯಲ್ಲಿ ಹಸಿರು ಮನೆ ಎಂಬ ಪ್ರಮಾಣಪತ್ರದ ಮೇಲಷ್ಟೇ ಭಾರ ಹಾಕಬಾರದು ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಮಳೆಯ ಅಂಕಿಯ ಬಗ್ಗೆಯೂ ಒಂದು ಮಾತು. ನಾಸಾದ ಪವರ್ ತಾಣ ಅಕ್ಷಾಂಶ ರೇಖಾಂಶ ಕೊಟ್ಟರೆ ದಶಕಗಳ ಹವಾಮಾನವನ್ನು ಉಚಿತವಾಗಿ ಕೊಡುತ್ತದೆ. ಅದರ ಒಂದೊಂದು ಚೌಕ ಸುಮಾರು ಅರ್ಧ ಡಿಗ್ರಿಯದು, ಹೀಗಾಗಿ ಭಾಗಮಂಡಲವೂ ಸುಂಟಿಕೊಪ್ಪವೂ ಒಂದೇ ಚೌಕಕ್ಕೆ ಸೇರುತ್ತವೆ. ಈ ಎರಡು ಊರುಗಳ ಮಳೆ ಒಂದೇ ಎಂದು ಕೊಡಗಿನಲ್ಲಿ ಯಾರೂ ಒಪ್ಪಲಾರರು. ಮಳೆಗೆ ನಾನು ನಂಬಿದ್ದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವನ್ನು. ಅದರ ಮಳೆಮಾಪಕಗಳು ಗ್ರಾಮ ಪಂಚಾಯಿತಿಯ ಮಟ್ಟದಲ್ಲಿವೆ.

ಈಗ ಯಾರಾದರೂ ಪ್ಲಾನ್ ಕೇಳಿಕೊಂಡು ಬಂದರೆ ನಾನು ಮೊದಲು ಭೂಕೋಶ್ ತೆರೆಯುತ್ತೇನೆ, ಆಮೇಲೆ ಟ್ಯೂಬ್ ಹಿಡಿದು ಜಾಗಕ್ಕೆ ಹೋಗುತ್ತೇನೆ, ಜಾಗ ನಿಂತ ಮೇಲೆ ಸಂಹಿತೆಯ ಲೆಕ್ಕದಿಂದ ಕಿಟಕಿ ಮತ್ತು ಮಾಡನ್ನು ನಿರ್ಧರಿಸುತ್ತೇನೆ, ಸಾಮಗ್ರಿಯ ಆಯ್ಕೆಗೆ ಎಡ್ಜ್ ಬಳಸುತ್ತೇನೆ. ಎರಡೇ ಸಾಧನಗಳಿಗೆ ಸಮಯವಿದೆ ಎನ್ನುವವರಿಗೆ ಭೂಕುಸಿತದ ನಕ್ಷೆಯನ್ನೂ ಇಕೋ ನಿವಾಸ್ ಸಂಹಿತೆಯನ್ನೂ ಹೇಳುತ್ತೇನೆ.

ಮೇಲಿನ ಜಾಗ ರಸ್ತೆಯಿಂದ ದೂರವಾಯಿತೆಂದು ಚಿಕ್ಕಮ್ಮನಿಗೆ ಬೇಸರವಿತ್ತು, ಅಲ್ಲಿಯವರೆಗೆ ಜೀಪು ಹೋಗುವ ದಾರಿಯ ಖರ್ಚೂ ಸೇರಿತು. ಕಣದ ಸುತ್ತ ಎಲ್ಲಿಯಾದರೂ ಜಲ ಏಳುತ್ತದೆಯೇ ಎಂದು ಈ ಮಳೆಗಾಲವಿಡೀ ನೋಡಿ, ಸುಗ್ಗಿಯ ಹಬ್ಬವಾದ ಹುತ್ತರಿ ಕಳೆದ ಮೇಲೆ ಪಾಯ ತೆಗೆಯುವುದೆಂದು ಒಪ್ಪಿದ್ದಾರೆ.