ಕನ್ನಡ ಲೇಖನಗಳ ತಾಣಕ್ಕೆ ಜಾಂಗೋನಾ, ಲಾರಾವೆಲ್ಲಾ?

ಎರಡೂ ವೆಬ್ ತಾಣ ಕಟ್ಟುವ ಸಿದ್ಧ ಚೌಕಟ್ಟುಗಳು (ಫ್ರೇಮ್‌ವರ್ಕ್); ಜಾಂಗೋ ಪೈಥಾನ್ ಭಾಷೆಯದು, ಲಾರಾವೆಲ್ ಪಿಎಚ್‌ಪಿಯದು. ಎರಡರಲ್ಲೂ ಕಟ್ಟಿ ನೋಡಿದ ಮೇಲೆ ನನ್ನ ಆಯ್ಕೆ ಜಾಂಗೋ. ಕಾರಣ ಅದರ ಅಡ್ಮಿನ್, ಅಂದರೆ ಲೇಖನ ಸೇರಿಸಿ ತಿದ್ದುವ ಸಿದ್ಧ ಪುಟಗಳು. ಮಾಡೆಲ್ (ಲೇಖನದ ಮಾಹಿತಿಯ ವಿನ್ಯಾಸ) ಬರೆದು, ಮೈಗ್ರೇಟ್ ಮಾಡಿ (ಅದನ್ನು ಡೇಟಾಬೇಸ್‌ಗೆ ಇಳಿಸಿ), ಅಡ್ಮಿನ್‌ಗೆ ನೋಂದಾಯಿಸಿದರೆ ಸಂಪಾದಕರು ಅಂದೇ ಲೇಖನ ಹಾಕಲು ಕೂರಬಹುದು. ಲಾರಾವೆಲ್‌ನಲ್ಲಿ ಅದು ಜೊತೆಗೆ ಬರುವುದಿಲ್ಲ. ಫಿಲಮೆಂಟ್ ಎಂಬ ಅಡ್ಮಿನ್ ಪ್ಯಾಕೇಜ್ ಸೇರಿಸಿಕೊಳ್ಳಬೇಕು, ಇಲ್ಲವೇ ದುಡ್ಡು ಕೊಟ್ಟು ನೋವಾ ಕೊಳ್ಳಬೇಕು.

ಎರಡೂ ಎಡವುವುದು ಸ್ಲಗ್‌ನಲ್ಲಿ, ಅಂದರೆ ಶೀರ್ಷಿಕೆಯಿಂದ ಮಾಡುವ ವಿಳಾಸದ ತುಣುಕಿನಲ್ಲಿ. ಜಾಂಗೋದಲ್ಲಿ ಸ್ಲಗ್ ಮಾಡುವ ಸ್ಲಗಿಫೈ ಫಂಕ್ಷನ್‌ಗೆ ಕನ್ನಡ ಶೀರ್ಷಿಕೆ ಹಾಗೇ ಕೊಟ್ಟರೆ ಖಾಲಿ ಸ್ಟ್ರಿಂಗ್ ಬರುತ್ತದೆ. ಇಂಗ್ಲಿಷೇತರ ಅಕ್ಷರ ಒಪ್ಪುವ 'ಅಲೋ ಯೂನಿಕೋಡ್' ಆನ್ ಮಾಡಿದರೆ ಇನ್ನೂ ಕಷ್ಟ: ಮೂಲಾಕ್ಷರ ಉಳಿದು ಗುಣಿತ ಎಲ್ಲ ಹಾರಿಹೋಗುತ್ತದೆ, ಒತ್ತಕ್ಷರ ಬಿಡಿ ಅಕ್ಷರವಾಗುತ್ತದೆ. 'ಮೈಸೂರು' ಹೋಗಿ 'ಮಸರ' ಆಗುತ್ತದೆ, 'ಮೊಸರು' ಕೂಡ 'ಮಸರ'ವೇ. ಡೇಟಾಬೇಸ್‌ನ ಸ್ಲಗ್ ಕಾಲಂ ಯೂನಿಕ್ (ಒಂದೇ ಸ್ಲಗ್ ಎರಡು ಸಲ ಬಾರದಂತೆ) ಆಗಿದ್ದರೆ ಎರಡನೇ ಲೇಖನ ಸೇವ್ ಆಗುವುದಿಲ್ಲ. ಕಾರಣ, ಪೈಥಾನ್ ರೆಜೆಕ್ಸ್ (ಪಠ್ಯದಲ್ಲಿ ಮಾದರಿ ಹುಡುಕುವ ಸಾಧನ) ಪದದ ಭಾಗವೆಂದು ಎಣಿಸುವುದು ಅಕ್ಷರ, ಅಂಕಿ, ಅಂಡರ್‌ಸ್ಕೋರ್‌ಗಳನ್ನು ಮಾತ್ರ. ನಮ್ಮ ಸ್ವರಚಿಹ್ನೆ, ವಿರಾಮ (ಅರ್ಧಾಕ್ಷರ ಮಾಡುವ ಚಿಹ್ನೆ) ಎರಡೂ ಯೂನಿಕೋಡ್‌ನಲ್ಲಿ 'ಮಾರ್ಕ್' ಗುಂಪಿನವು. ಲಾರಾವೆಲ್‌ನ ಸ್ಲಗ್‌ಗೆ ಮೂರನೇ ಆರ್ಗ್ಯುಮೆಂಟ್ ನಲ್ ಕೊಟ್ಟರೂ ಇದೇ ಪಾಡು.

ಪರಿಹಾರ ಸ್ವಂತ ಫಂಕ್ಷನ್. ಮೊದಲು ಎನ್‌ಎಫ್‌ಸಿ ಮಾಡಿ, ಅಂದರೆ ಒಂದೇ ಅಕ್ಷರದ ಬೇರೆ ಬೇರೆ ಯೂನಿಕೋಡ್ ರೂಪಗಳನ್ನು ಒಂದೇ ರೂಪಕ್ಕೆ ತನ್ನಿ. ಆಮೇಲೆ ಯೂನಿಕೋಡ್ ವಿಭಾಗ ಎಲ್ (ಅಕ್ಷರ), ಎಂ (ಮಾರ್ಕ್), ಎನ್ (ಅಂಕಿ) ಇಂದ ಶುರುವಾಗುವ ಚಿಹ್ನೆಗಳನ್ನು ಉಳಿಸಿ, ಮಿಕ್ಕದ್ದಕ್ಕೆ ಹೈಫನ್ ಹಾಕಿ. ಜೊತೆಗೆ ಯು+200ಸಿ, ಅಂದರೆ ಜೀರೋ ವಿಡ್ತ್ ನಾನ್ ಜಾಯಿನರ್ (ಒತ್ತಾಗದಂತೆ ತಡೆಯುವ ಕಾಣದ ಚಿಹ್ನೆ) ಕೂಡ ಉಳಿಯಬೇಕು; ಇಲ್ಲದಿದ್ದರೆ 'ಸಾಫ್ಟ್‌ವೇರ್' ನಡುವೆ ಹೈಫನ್ ಬಂದು ಎರಡು ತುಂಡಾಗುತ್ತದೆ.

ಜಾಂಗೋದಲ್ಲಿ ಇಷ್ಟಕ್ಕೇ ಮುಗಿಯುವುದಿಲ್ಲ. ಸ್ಲಗ್‌ಗೆಂದೇ ಇರುವ ಸ್ಲಗ್‌ಫೀಲ್ಡ್‌ನ ವ್ಯಾಲಿಡೇಟರ್ (ತಪಾಸಣೆ) ಗುಣಿತ ಕಂಡರೆ ತಿರಸ್ಕರಿಸುತ್ತದೆ, ಆದ್ದರಿಂದ ಸಾಮಾನ್ಯ ಪಠ್ಯದ ಚಾರ್‌ಫೀಲ್ಡ್ ಬಳಸಿ. ಯುಆರ್‌ಎಲ್‌ನ ಸ್ಲಗ್ ಕನ್ವರ್ಟರ್ (ವಿಳಾಸದ ಆ ಭಾಗವನ್ನು ಓದುವ ನಿಯಮ) ಇಂಗ್ಲಿಷ್ ಅಕ್ಷರ, ಅಂಕಿ, ಹೈಫನ್, ಅಂಡರ್‌ಸ್ಕೋರ್‌ಗಳನ್ನಷ್ಟೇ ಒಪ್ಪುತ್ತದೆ, ಅಲ್ಲಿ ಎಸ್‌ಟಿಆರ್ ಕನ್ವರ್ಟರ್ ಹಾಕಿ. ಲಾರಾವೆಲ್ ಇಲ್ಲಿ ವಾಸಿ, ಅದರ ರೂಟ್ (ವಿಳಾಸದ ನಿಯಮ) ತಕರಾರು ತೆಗೆಯುವುದಿಲ್ಲ. ಯಾವುದೇ ಆದರೂ ವಿಳಾಸದಲ್ಲಿ ಲೇಖನದ ಐಡಿ (ಗುರುತಿನ ಸಂಖ್ಯೆ) ಮೊದಲಿರಲಿ, ಸ್ಲಗ್ ಆಮೇಲೆ. ಲೇಖನ ಹುಡುಕುವುದು ಐಡಿಯಿಂದಲೇ. ವಿಳಾಸ ಎನ್‌ಕೋಡ್ ಆದಾಗ (ಶೇಕಡಾ ಚಿಹ್ನೆಯ ಸಂಕೇತಗಳಾದಾಗ) ಒಂದೊಂದು ಕನ್ನಡ ಚಿಹ್ನೆ 9 ಅಕ್ಷರವಾಗಿ ಹಿಗ್ಗುತ್ತದೆ. ಉದ್ದದ ಕೊಂಡಿ ಎಲ್ಲೋ ತುಂಡಾದರೂ ಓದುಗರಿಗೆ ಲೇಖನ ಸಿಗಬೇಕು.

ಹೋಸ್ಟಿಂಗ್‌ನಲ್ಲಿ ಲಾರಾವೆಲ್ ಅಗ್ಗ, ಷೇರ್ಡ್ ಹೋಸ್ಟಿಂಗ್ ಸಾಕು. ಜಾಂಗೋಗೆ ನಾನು ವಿಪಿಎಸ್ (ಬಾಡಿಗೆಯ ವರ್ಚುವಲ್ ಸರ್ವರ್), ಅದರಲ್ಲಿ ಗುನಿಕಾರ್ನ್, ಎಂಜಿನ್‌ಎಕ್ಸ್ ಎಂಬ ಸರ್ವರ್ ತಂತ್ರಾಂಶ ಇಟ್ಟುಕೊಳ್ಳುತ್ತೇನೆ.

ಆದರೂ ಜಾಂಗೋ 5.2ಕ್ಕೆ 2028ರ ಏಪ್ರಿಲ್‌ವರೆಗೆ ಭದ್ರತಾ ಅಪ್‌ಡೇಟ್ ಇದೆ. ಲಾರಾವೆಲ್‌ನ ಪ್ರತಿ ಆವೃತ್ತಿಗೂ 2 ವರ್ಷ ಅಷ್ಟೇ. ಒಮ್ಮೆ ಕಟ್ಟಿದ ತಾಣವನ್ನು ಪದೇ ಪದೇ ಬಿಚ್ಚುವ ಅಭ್ಯಾಸ ನನಗಿಲ್ಲ, ಹಾಗಾಗಿ ವಿಪಿಎಸ್ ಬಾಡಿಗೆ ನನಗೆ ಭಾರವಲ್ಲ. ತಂಡಕ್ಕೆ ಪಿಎಚ್‌ಪಿ ಮಾತ್ರ ಗೊತ್ತಿದ್ದರೆ ಲಾರಾವೆಲ್‌, ಫಿಲಮೆಂಟ್ ಹಿಡಿಯಿರಿ, ಸ್ಲಗ್ ಫಂಕ್ಷನ್ ಮಾತ್ರ ಮೊದಲ ದಿನವೇ ಬರೆದಿಡಿ.