ಸಿರುಗುಪ್ಪ ರಸ್ತೆಯ ಪ್ರೀಕೂಲಿಂಗ್ ಘಟಕ: ಅಂಜೂರ ಬೆಳೆಗಾರರಿಗೆ ಲೆಕ್ಕಕ್ಕೆ ಬರುತ್ತಾ?

ಬಳ್ಳಾರಿಯಲ್ಲಿ ಕೋಲ್ಡ್ ಸ್ಟೋರೇಜ್ ಅಂದ್ರೆ ಮೆಣಸಿನಕಾಯಿ. ಒಣ ಮೆಣಸಿನಕಾಯಿ ಚೀಲಗಳನ್ನು ಅಟ್ಟಿ ಹಾಕಿ ತಿಂಗಳುಗಟ್ಟಲೆ ಇಡುತ್ತಾರೆ, ರೇಟ್ ಬಂದಾಗ ತೆಗೆಯುತ್ತಾರೆ. ಆ ಚೀಲ ತಣ್ಣಗಾಗಲು ಎರಡು ದಿನ ಹಿಡಿದರೂ ಯಾರಿಗೂ ತೊಂದರೆ ಇಲ್ಲ. ಅಂಜೂರಕ್ಕೆ ಅದು ನಡೆಯಲ್ಲ. ನಮ್ಮ ಬಿಸಿಲಿಗೆ ಕಿತ್ತ ಹಣ್ಣು ಮರುದಿನ ಸಂಜೆಗೇ ಮೆತ್ತಗಾಗುತ್ತದೆ. ಬುಡದ ಕಣ್ಣಿನಿಂದ ರಸ ಜಿನುಗಿ ಹುಳಿ ವಾಸನೆ ಶುರುವಾಗುತ್ತದೆ. ಬೆಂಗಳೂರು ಇಲ್ಲಿಂದ ಸುಮಾರು 300 ಕಿಲೋಮೀಟರ್. ರಾತ್ರಿ ಗಾಡಿ ಹತ್ತಿಸಿ ಬೆಳಿಗ್ಗೆ ಮಂಡಿಯಲ್ಲಿ ಇಳಿಸುವಷ್ಟರಲ್ಲಿ ಹಣ್ಣಿನ ಅರ್ಧ ಆಯುಷ್ಯ ಮುಗಿದಿರುತ್ತದೆ.

ಅದಕ್ಕೇ ಈ ಹಂಗಾಮು ಪೂರ್ತಿ ನಮ್ಮ ಹಣ್ಣನ್ನು ಸಿರುಗುಪ್ಪ ರಸ್ತೆಯಲ್ಲಿರುವ ಒಂದು ಬಾಡಿಗೆ ಪ್ರೀಕೂಲಿಂಗ್ ಘಟಕಕ್ಕೆ ಹಾಕಿದೆ. ಪ್ರೀಕೂಲಿಂಗ್ ಅಂದ್ರೆ ಕಿತ್ತ ಹಣ್ಣನ್ನು ಗಾಡಿ ಹತ್ತಿಸುವ ಮೊದಲೇ ಬೇಗ ತಣ್ಣಗೆ ಮಾಡುವುದು. ಕ್ರೇಟಿಗೆ 12 ರೂಪಾಯಿ. ಕೇಳಿದ ಕೂಡಲೇ ಜಾಸ್ತಿ ಅನ್ನಿಸುತ್ತದೆ. ಆದರೆ ಒಳಗೆ ಏನು ನಡೆಯುತ್ತದೆ ಅಂತ ನಿಂತು ನೋಡಿದ ಮೇಲೆ ಆ ದುಡ್ಡು ಕೊಡಲು ನನಗೆ ಬೇಜಾರಾಗಲಿಲ್ಲ.

ಕ್ರೇಟುಗಳನ್ನು ಎರಡು ಸಾಲಾಗಿ ಅಟ್ಟುತ್ತಾರೆ. ನಡುವೆ ಒಂದು ಓಣಿ ಬಿಡುತ್ತಾರೆ. ಓಣಿಯ ನೆತ್ತಿಗೂ ಒಂದು ತುದಿಗೂ ತಾಡಪಾಲು ಮುಚ್ಚುತ್ತಾರೆ. ಇನ್ನೊಂದು ತುದಿಯಲ್ಲಿ ದೊಡ್ಡ ಫ್ಯಾನ್ ಇದೆ. ಅದು ಹಣ್ಣಿನ ಮೇಲೆ ಗಾಳಿ ಊದುವುದಿಲ್ಲ, ಓಣಿಯೊಳಗಿನ ಗಾಳಿಯನ್ನು ಎಳೆಯುತ್ತದೆ. ಅಲ್ಲಿ ಒತ್ತಡ ಕಡಿಮೆಯಾದರೆ ರೂಮಿನ ತಣ್ಣನೆ ಗಾಳಿ ಒಳಗೆ ನುಗ್ಗಲೇಬೇಕು. ನುಗ್ಗಲು ದಾರಿ ಒಂದೇ, ಕ್ರೇಟಿನ ತೂತುಗಳು. ಹೀಗೆ ಗಾಳಿ ಹಣ್ಣು ಹಣ್ಣನ್ನೂ ಸವರಿಕೊಂಡು ಹೋಗುತ್ತದೆ. ಮಾಮೂಲಿ ಕೋಲ್ಡ್ ರೂಮಿನಲ್ಲಿ ಗಾಳಿ ಕ್ರೇಟಿನ ಹೊರಮೈಯನ್ನಷ್ಟೇ ಮುಟ್ಟುತ್ತದೆ, ನಡುವಿನ ಹಣ್ಣು ಬಿಸಿಯಾಗಿಯೇ ಕೂತಿರುತ್ತದೆ.

ಅಂಜೂರಕ್ಕೆ ರೂಮನ್ನು 0 ಡಿಗ್ರಿಯಲ್ಲಿ ಇಡುತ್ತಾರೆ. ಬೆಳಿಗ್ಗೆ ಬೇಗ ಕಿತ್ತು ತಂದ ನಮ್ಮ ಹಣ್ಣು ಒಳಗೆ ಹೋಗುವಾಗ 28 ಡಿಗ್ರಿ ಇತ್ತು. ಅಲ್ಲಿನ ಹುಡುಗ ಸೂಜಿ ಥರ್ಮಾಮೀಟರನ್ನು ತಿರುಳಿಗೇ ಚುಚ್ಚಿ ತೋರಿಸಿದ. ಸುಮಾರು ಮುಕ್ಕಾಲು ಗಂಟೆಗೆ 14. ಇನ್ನು ಅಷ್ಟೇ ಹೊತ್ತಿಗೆ 7. ಮತ್ತೆ ಅಷ್ಟೇ ಹೊತ್ತಿಗೆ ಮೂರೂವರೆ. ಪ್ರತಿ ಸಲ ಹಣ್ಣಿಗೂ ಗಾಳಿಗೂ ಇರುವ ಅಂತರ ಅರ್ಧವಾಗುತ್ತಾ ಹೋಗುತ್ತದೆ. ಎಂಟರಲ್ಲಿ ಏಳು ಪಾಲು ಶಾಖ ಹೋದರೆ ಕೆಲಸ ಮುಗಿದ ಹಾಗೆ. ಉಳಿದ ಒಂದು ಪಾಲನ್ನು ಸ್ಟೋರೇಜ್ ರೂಮೇ ನಿಧಾನಕ್ಕೆ ತೆಗೆಯುತ್ತದೆ.

ಇಲ್ಲಿ ನನಗೆ ತುಂಬಾ ಹಿಡಿಸಿದ್ದು ಆ ಹುಡುಗ ಎಲ್ಲಿ ಚುಚ್ಚಿದ ಅನ್ನುವುದು. ಹೊರಗಡೆ ಕಾಣುವ ಹಣ್ಣಿಗೆ ಚುಚ್ಚಲಿಲ್ಲ. ಓಣಿ ಕಡೆಯ ಹಣ್ಣಿಗೆ ಚುಚ್ಚಿದ. ಗಾಳಿ ಹೊರಗಿನಿಂದ ಒಳಕ್ಕೆ ಬರುವುದರಿಂದ ಓಣಿ ಕಡೆಯ ಹಣ್ಣು ಕೊನೆಗೆ ತಣ್ಣಗಾಗುತ್ತದೆ. ಅದು ಇಳಿದರೆ ಉಳಿದದ್ದೆಲ್ಲ ಇಳಿದಿರುತ್ತದೆ. ನೀವೂ ಹೋದರೆ ಅಲ್ಲೇ ಅಳೆಯಿರಿ ಅಂತ ಹೇಳಿ. ಹಣ್ಣು ತಣ್ಣಗಾದ ಕೂಡಲೇ ಫ್ಯಾನ್ ನಿಲ್ಲಿಸುತ್ತಾರೆ, ಅದೂ ಸರಿಯಾದ ಕೆಲಸ. ಸುಮ್ನೆ ಓಡಿಸಿದರೆ ಹಣ್ಣಿನ ನೀರು ಹೋಗಿ ಸಿಪ್ಪೆ ಸುಕ್ಕಾಗುತ್ತದೆ, ತೂಕವೂ ಇಳಿಯುತ್ತದೆ.

ಡಬ್ಬಿಗಳ ವಿಷಯದಲ್ಲಿ ಅವರು ಕಟ್ಟುನಿಟ್ಟು. ನಮ್ಮ ಕಡೆ ಅಂಜೂರದ ಪೆಟ್ಟಿಗೆಗೆ ಪೇಪರ್ ಹಾಸುವ ರೂಢಿ ಇದೆ ಅಲ್ವಾ? ಅದು ಪಕ್ಕದ ತೂತು ಮುಚ್ಚಿದರೆ ಗಾಳಿ ಆ ಪೆಟ್ಟಿಗೆ ಬಿಟ್ಟು ಪಕ್ಕದ ಸಂದಿನಲ್ಲಿ ನುಗ್ಗುತ್ತದೆ. ಪೆಟ್ಟಿಗೆಯ ಪಕ್ಕದ ಗೋಡೆಯಲ್ಲಿ ಕನಿಷ್ಠ ನೂರಕ್ಕೆ ಐದು ಪಾಲು ತೂತಿರಬೇಕು. ತೀರಾ ಜಾಸ್ತಿ ಕೊರೆದರೆ ರಟ್ಟು ಕುಸಿಯುತ್ತದೆ. ಪೇಪರ್ ಹಾಸಿದ ಪೆಟ್ಟಿಗೆಗಳನ್ನು ಅವರು ವಾಪಸ್ ಕಳಿಸಿದ್ದನ್ನು ಕಂಡಿದ್ದೇನೆ. ರೈತರು ಸಿಟ್ಟಾದರು, ಆದರೆ ನನ್ನ ಪ್ರಕಾರ ಘಟಕದವರು ಮಾಡಿದ್ದೇ ಸರಿ. ಒಬ್ಬರ ಪೆಟ್ಟಿಗೆ ಕೆಟ್ಟರೆ ಇಡೀ ಸಾಲಿನ ಗಾಳಿ ಹಾದಿ ತಪ್ಪುತ್ತದೆ.

ಇದು ಹೊಸ ಕಂಡುಹಿಡಿತ ಏನಲ್ಲ. ಮಹಾರಾಷ್ಟ್ರದ ದ್ರಾಕ್ಷಿ ಬೆಳೆಗಾರರು 1991ರಲ್ಲಿ ಮಹಾಗ್ರೇಪ್ಸ್ ಅನ್ನುವ ತಮ್ಮದೇ ಒಕ್ಕೂಟ ಕಟ್ಟಿಕೊಂಡು, ಪ್ರೀಕೂಲಿಂಗ್ ಮಾಡಿಯೇ ಹಡಗಿನಲ್ಲಿ ಹಣ್ಣು ಕಳಿಸಿದವರು. ಬಳ್ಳಾರಿ ಅಂಜೂರಕ್ಕೆ ಇಷ್ಟು ಹೆಸರಿದೆ, ಅದಕ್ಕೂ ಇದು ಊರೂರಿಗೆ ಸಿಗಬೇಕು.

ಈಗ ಕೊರತೆಗಳು. ದೊಡ್ಡದು ಲೋಡಿಂಗ್. ಘಟಕದ ಬಾಗಿಲು ನೇರವಾಗಿ ಅಂಗಳಕ್ಕೆ ತೆರೆಯುತ್ತದೆ, ನೆರಳಿಲ್ಲ. 4 ಡಿಗ್ರಿಯ ಹಣ್ಣನ್ನು ಏಪ್ರಿಲ್ ಬಿಸಿಲಿಗೆ ತಂದು, ಗಾಡಿ ಹಿಂದೆ ಮುಂದೆ ಮಾಡುವವರೆಗೆ ನೆಲದ ಮೇಲೆ ಇಡುತ್ತಾರೆ. ಹಣ್ಣಿನ ಮೈ ಬೆವರುತ್ತದೆ. ಆ ನೀರೇ ಬೂಷ್ಟಿಗೆ ದಾರಿ. ಒಂದು ಲೋಡಿನಲ್ಲಿ ನಮ್ಮ ಮೇಲಿನ ಸಾಲಿನ ಪೆಟ್ಟಿಗೆಗಳು ಹೀಗೇ ಹಾಳಾದವು, ಮಂಡಿಯವರು ರೇಟ್ ಕಡಿದರು. ಎರಡು ಗಂಟೆ ದುಡಿದು ತೆಗೆದ ಶಾಖವನ್ನು ಹತ್ತು ನಿಮಿಷದಲ್ಲಿ ವಾಪಸ್ ಹಾಕುವುದು ನೋಡಲು ಹೊಟ್ಟೆ ಉರಿಯುತ್ತದೆ. ಬಾಗಿಲಿಗೆ ಮುಚ್ಚಿದ ಲೋಡಿಂಗ್ ಜಾಗ ಕಟ್ಟಿಸಿ ಅಂತ ಮಾಲೀಕರಿಗೆ ನೇರವಾಗಿ ಹೇಳಿದ್ದೇನೆ. ಅದಾಗುವವರೆಗೆ ನೀವು ಸಂಜೆ ಆರರ ಮೇಲೇ ಗಾಡಿ ಕರೆಸಿ. ಥರ್ಮಾಕೋಲ್ ಪದರ ಇರುವ ಗಾಡಿಯನ್ನಾದರೂ ಹಿಡಿಯಿರಿ.

ಇನ್ನೊಂದು, ಕರೆಂಟ್ ಹೋದಾಗ ಜನರೇಟರ್ ಫ್ಯಾನನ್ನು ಮಾತ್ರ ಓಡಿಸುತ್ತದೆ, ಕಂಪ್ರೆಸರ್ ನಿಲ್ಲುತ್ತದೆ. ತಣ್ಣಗಿಲ್ಲದ ಗಾಳಿ ಹಣ್ಣನ್ನು ಒಣಗಿಸುತ್ತದೆ ಅಷ್ಟೇ. ಅಂಥ ಹೊತ್ತಲ್ಲಿ ಫ್ಯಾನ್ ಆಫ್ ಮಾಡಿ ಅಂತ ನಿಂತು ಹೇಳಬೇಕಾಗುತ್ತದೆ.

ಹೊತ್ತು ಕೂಡ ಮುಖ್ಯ. ಕಿತ್ತ ಮೇಲೂ ಹಣ್ಣು ಉಸಿರಾಡುತ್ತಲೇ ಇರುತ್ತದೆ. ಶಾಖ 10 ಡಿಗ್ರಿ ಏರಿದರೆ ಆ ಉಸಿರಾಟ ಎರಡು ಮೂರು ಪಟ್ಟು ಜೋರಾಗುತ್ತದೆ. ಹಾಗಾಗಿ ಬೆಳಿಗ್ಗೆ ಒಂಬತ್ತರೊಳಗೆ ಹಣ್ಣು ಮುಟ್ಟಿಸಿ. ಹನ್ನೊಂದಕ್ಕೆ ತಂದರೆ ಸರದಿಯಲ್ಲೇ ಹಣ್ಣು ಬೇಯುತ್ತದೆ. ಕಾಯುವ ಜಾಗಕ್ಕೆ ತಗಡಿನ ಚಾವಣಿ ಬೇರೆ.

ನಮ್ಮ ಲೆಕ್ಕ ಹೇಳುವುದಾದರೆ, ಹಣ್ಣು ಬೆಂಗಳೂರಿಗೆ ಹೋಗಿ ಅಂಗಡಿಯಲ್ಲಿ ಇನ್ನೂ ಕೆಲವು ದಿನ ಗಟ್ಟಿಯಾಗಿ ನಿಂತಿತು. ಮಂಡಿಯವರು ಈಗ ತಾವೇ ಫೋನ್ ಮಾಡಿ ಕೇಳುತ್ತಾರೆ. ಮುಂದಿನ ವರ್ಷವೂ ಅಲ್ಲೇ ಹಾಕುತ್ತೇನೆ.

ಮಾವು ತರುವವರಿಗೆ ಮಾತ್ರ ಒಂದು ಎಚ್ಚರಿಕೆ. ಘಟಕದಲ್ಲಿ ರೂಮ್ ಒಂದೇ, ಅದು ಅಂಜೂರಕ್ಕೆ 0 ಡಿಗ್ರಿಯಲ್ಲಿ ಓಡುತ್ತಿರುತ್ತದೆ. ಕೇಸರ್ ಆಗಲಿ ಬೇನಿಶಾನ್ ಆಗಲಿ, ಆ ಚಳಿಯಲ್ಲಿ ಇಟ್ಟರೆ ಸಿಪ್ಪೆ ಕಪ್ಪಾಗುತ್ತದೆ, ಆಮೇಲೆ ಸರಿಯಾಗಿ ಹಣ್ಣಾಗುವುದೂ ಇಲ್ಲ. ಮಾವಿಗೆ 13 ಡಿಗ್ರಿ ಸಾಕು. ಹಿಂದಿನ ದಿನವೇ ಫೋನ್ ಮಾಡಿ, ಮಾವಿನ ಬ್ಯಾಚ್ ಯಾವತ್ತು ಹಾಕುತ್ತೀರಿ ಅಂತ ಕೇಳಿಕೊಂಡು ಕಿತ್ತರೆ ಒಳ್ಳೆಯದು.