ಚರ್ಚ್‌ಗೇಟಿನ ಇರೋಸ್: ಮೆಟ್ಟಿಲಿಗೆ ಪೂರ್ತಿ ಅಂಕ, ಸೀಟಿನ ಲೆಕ್ಕಕ್ಕೆ ಇಲ್ಲ

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂಬಯಿಯಲ್ಲಿದ್ದರೆ, ಇಲ್ಲವೇ ಮುಂಬಯಿಗೆ ಬಂದರೆ, ಚರ್ಚ್‌ಗೇಟ್ ಸ್ಟೇಷನ್ ಎದುರಿನ ಇರೋಸ್‌ನಲ್ಲಿ ಒಂದು ಸಿನಿಮಾ ನೋಡಿ. ಟಿಕೆಟ್ ದುಬಾರಿ, ಆದರೂ ನೋಡಿ. ಆದರೆ ಷೋ ಶುರುವಾಗುವ ಹೊತ್ತಿಗೆ ಓಡೋಡಿ ಬಂದು ಕತ್ತಲಲ್ಲಿ ಸೀಟು ತಡಕಾಡುವ ಪೈಕಿ ನೀವಾದರೆ ಬೇಡ. ಅದಕ್ಕೆ ನಿಮ್ಮ ಮನೆ ಹತ್ತಿರದ ಮಾಲೇ ಸಾಕು.

ನಾನು ಧಾರವಾಡದವಳು. ಎಂಬತ್ತರ ದಶಕದಲ್ಲಿ ಬ್ಯಾಂಕಿನ ಕೆಲಸ ಸಿಕ್ಕಿ ಇಲ್ಲಿಗೆ ಬಂದೆ. ಮನೆ ಗೋರೆಗಾಂವ್, ಕೆಲಸ ಫೋರ್ಟ್. ಚರ್ಚ್‌ಗೇಟಿನಲ್ಲಿ ಇಳಿದು, ಓವಲ್ ಮೈದಾನದ ನಡುವಿನ ಕಾಲುದಾರಿ ಹಿಡಿದರೆ ಆಫೀಸು ಬೇಗ ಸಿಗುತ್ತಿತ್ತು. ಆ ದಾರಿಗೆ ಹೊರಳುವ ಮೂಲೆಯಲ್ಲೇ ಇರೋಸ್. ಅದನ್ನು ನೋಡದೆ ಕೆಲಸಕ್ಕೆ ಹೋದ ದಿನವೇ ಇಲ್ಲ ಅನ್ನಬಹುದು. ಶನಿವಾರ ಬ್ಯಾಂಕು ಅರ್ಧ ದಿನ. ಕ್ಯಾಷ್ ಟ್ಯಾಲಿ ಆಯಿತೆಂದರೆ ನಾವು ನಾಲ್ಕೈದು ಹೆಂಗಸರು ಡಬ್ಬಿ ಅಲ್ಲೇ ಖಾಲಿ ಮಾಡಿ ಮ್ಯಾಟಿನಿಗೆ ನಡೆಯುವುದು. ಒಬ್ಬಾಕೆ ಮರಾಠಿ, ಒಬ್ಬಾಕೆ ಗುಜರಾತಿ, ಇಬ್ಬರು ಮಂಗಳೂರಿನವರು, ನಾನು. ಟ್ಯಾಲಿ ಆಗದ ಶನಿವಾರ ಮ್ಯಾನೇಜರಿಗಿಂತ ಹೆಚ್ಚು ಗಾಬರಿ ನಮಗೆ.

ಈ ಕಟ್ಟಡ ಕಟ್ಟಿಸಿದವರು ಶಿಯಾವಕ್ಸ್ ಕವಾಸ್ಜಿ ಕಂಬಾಟಾ ಎಂಬ ಪಾರ್ಸಿ ಉದ್ಯಮಿ, ನಕ್ಷೆ ಹಾಕಿದವರು ಸೊಹ್ರಾಬ್ಜಿ ಭೇದ್ವಾರ್. 1935ರಲ್ಲಿ ಅಡಿಗಲ್ಲು, 1938ರಲ್ಲಿ ಮೊದಲ ಆಟ. ಅಡಿಪಾಯ ನಿಂತದ್ದು ಸಮುದ್ರವನ್ನು ಹಿಂದೆ ತಳ್ಳಿ ಹೊಸದಾಗಿ ಮಾಡಿದ ನೆಲದ ಮೇಲೆ. ಓವಲ್‌ನ ಪೂರ್ವಕ್ಕೆ ಹೈಕೋರ್ಟು, ರಾಜಾಬಾಯಿ ಗಡಿಯಾರ ಗೋಪುರ, ಎಲ್ಲ ವಿಕ್ಟೋರಿಯಾ ಕಾಲದ ಚೂಪು ಕಮಾನಿನ ಕಲ್ಲು ಕಟ್ಟಡಗಳು. ಪಶ್ಚಿಮಕ್ಕೆ ಆರ್ಟ್ ಡೆಕೊ ಎಂಬ ಶೈಲಿಯ ಕಟ್ಟಡಗಳ ಸಾಲು, ದುಂಡಗಿನ ಬಾಲ್ಕನಿಗಳು, ತೆಳು ಬಣ್ಣಗಳು. ಇರೋಸ್ ಈ ಸಾಲಿನ ಹಿರಿಯಣ್ಣ. ಎರಡು ರೆಕ್ಕೆಗಳು ಮೂಲೆಯಲ್ಲಿ ಕೂಡುವ ಕಡೆ ಗೋಪುರ ಎದ್ದಿದೆ. ಸೇರಿನ ಮೇಲೆ ಪಾವು, ಪಾವಿನ ಮೇಲೆ ಚಟಾಕು ಬೋರಲು ಹಾಕಿದ ಹಾಗೆ ಮೇಲೆ ಹೋದಂತೆ ಸಣ್ಣದಾಗುತ್ತದೆ. ಗೋಡೆ ಕೆನೆ ಬಣ್ಣ, ನಡುನಡುವೆ ಆಗ್ರಾದ ಕೆಂಪು ಮರಳುಗಲ್ಲು.

ಒಳಗೆ 1204 ಸೀಟು. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಲೆಕ್ಕ ಹಾಕಲಿಕ್ಕಿದೆ.

ಆಗಿನ ದಕ್ಷಿಣ ಮುಂಬಯಿಯಲ್ಲಿ ಸಿನಿಮಾ ಮಂದಿರಗಳಿಗೂ ಜಾತಿ ಇತ್ತು. 1933ರ ರೀಗಲ್, ಇರೋಸ್‌ನ ವಾರಿಗೆಯ ಮೆಟ್ರೋ ಇವೆಲ್ಲ ಇಂಗ್ಲಿಷ್ ಚಿತ್ರದ ಅರಮನೆಗಳು. ಮೆಟ್ರೋ ಅಂತೂ ಹಾಲಿವುಡ್‌ನ ಎಂಜಿಎಂ ಕಂಪನಿಯೇ ಕಟ್ಟಿಸಿದ್ದು. 1949ರಲ್ಲಿ ಲಿಬರ್ಟಿ ಬಂದಾಗ ಹಿಂದಿ ಚಿತ್ರಕ್ಕೂ ಅಂಥದೇ ವೈಭವದ ಮನೆ ಸಿಕ್ಕಿತು. ನಮ್ಮ ದಕ್ಷಿಣದ ಚಿತ್ರ ಬೇಕೆಂದರೆ ಮಾಟುಂಗಾದ ಅರೋರಾ ಕಡೆ ಹೋಗಬೇಕು. ನಾನು ಬರುವ ಹೊತ್ತಿಗೆ ಇರೋಸ್‌ನಲ್ಲಿ ಹಿಂದಿ ಚಿತ್ರಗಳು ಸಲೀಸಾಗಿ ಓಡುತ್ತಿದ್ದವು. ಹೊರಗೆ ‘ಹೌಸ್‌ಫುಲ್’ ಬೋರ್ಡು, ಅದರ ಪಕ್ಕದಲ್ಲೇ ಗಾಳಿಗೆ ಹೇಳಿದಂತೆ ‘ದಸ್ ಕಾ ಬೀಸ್, ದಸ್ ಕಾ ಬೀಸ್’ (ಹತ್ತರದು ಇಪ್ಪತ್ತಕ್ಕೆ) ಎನ್ನುವ ಬ್ಲ್ಯಾಕ್ ಟಿಕೆಟಿನವರು. ಕೆಳಗೆ ಅಗ್ಗದ ಸ್ಟಾಲ್ ದರ್ಜೆಯಲ್ಲಿ ಕಾಲೇಜು ಹುಡುಗರು, ಬಂದರಿನ ಡಾಕಿನ ಕೂಲಿಗಳು. ಮೇಲೆ ಬಾಲ್ಕನಿಯಲ್ಲಿ ಮುತ್ತಿನ ಸರ ಹಾಕಿದ ಪಾರ್ಸಿ ಅಜ್ಜಿಯರು. ದರ ಬೇರೆ, ಬಾಗಿಲು ಒಂದೇ. ಅದೇ ಕಪ್ಪು-ಬಿಳಿ ಅಮೃತಶಿಲೆಯ ಪಡಸಾಲೆಯಲ್ಲಿ ಎಲ್ಲರೂ ಒಂದೇ ಸೆಕೆ ಅನುಭವಿಸುತ್ತ ಕಾಯುವುದು. ಆಮೇಲೆ ಏಸಿಯ ಮೊದಲ ಗಾಳಿ. ಮೇ ತಿಂಗಳಲ್ಲಿ ಅರ್ಧ ಟಿಕೆಟ್ ದುಡ್ಡು ಅದಕ್ಕೇ ಕೊಡುತ್ತಿದ್ದೆವು ಅನ್ನಿ.

ಆಮೇಲೇನಾಯಿತು ಎಂಬುದಕ್ಕೆ ದೊಡ್ಡ ರಹಸ್ಯವೇನಿಲ್ಲ. ಬ್ಯಾಂಕಿನವಳ ಲೆಕ್ಕ ಕೇಳಿ: 1204 ಸೀಟು, ದಿನಕ್ಕೆ ನಾಲ್ಕು ಆಟ, ಅಂದರೆ 4816 ಟಿಕೆಟ್. ದಿನಾ ಅಷ್ಟು ಮಂದಿ ಒಂದೇ ಚಿತ್ರಕ್ಕೆ ಬರಬೇಕು. ಮೊದಲು ಟಿವಿ, ಆಮೇಲೆ ವಿಡಿಯೊ, ಆಮೇಲೆ ಕೂಗಳತೆಯ ನರಿಮನ್ ಪಾಯಿಂಟಿನಲ್ಲೇ ಮಲ್ಟಿಪ್ಲೆಕ್ಸ್. ಅಲ್ಲಿ ಒಂದು ಚಿತ್ರ ಸೋತರೆ ಪಕ್ಕದ ಪರದೆಯ ಚಿತ್ರ ನಡೆಸುತ್ತದೆ. ಇಲ್ಲಿ ಒಂದು ಸೋತರೆ ವಾರವೇ ಸೋತಂತೆ. ಮನರಂಜನಾ ತೆರಿಗೆ ಬೇರೆ. ಕೊನೆಕೊನೆಗೆ ನಾವು ಹೋದಾಗ ಬಾಲ್ಕನಿಯಲ್ಲಿ ಒಂದಿಡೀ ಸಾಲು ನಮ್ಮ ಐದು ಜನರದೇ. ಕಾಲು ಚಾಚಿ ಕೂತು ನೋಡಿದ ಸುಖ ಸುಳ್ಳಲ್ಲ. ಆದರೆ ಕ್ಯಾಷ್ ಕೌಂಟರಿನಲ್ಲಿ ಕೂತು ಬದುಕಿದವರಿಗೆ ಖಾಲಿ ಸಾಲಿನ ಅರ್ಥ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

2017ರ ಜನವರಿಯಲ್ಲಿ ಬಾಗಿಲಿಗೆ ಸೀಲು ಬಿತ್ತು. ಕಾರಣ ಸಿನಿಮಾ ಅಲ್ಲವೇ ಅಲ್ಲ. ಅದೇ ಕಂಬಾಟಾ ಕುಟುಂಬದ ವಿಮಾನ ನಿಲ್ದಾಣ ಸೇವೆಯ ಕಂಪನಿಯ ಕಾರ್ಮಿಕರಿಗೆ ಬರಬೇಕಾದ ಬಾಕಿಯ ಪ್ರಕರಣ. ಕಾರ್ಮಿಕರ ಸಂಬಳದ ಮುಂದೆ ನನ್ನ ಮ್ಯಾಟಿನಿ ದೊಡ್ಡದಲ್ಲ, ಆ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮುಂದಿನ ವರ್ಷದ ತಮಾಷೆ ನೋಡಿ. 2018ರಲ್ಲಿ ಓವಲ್‌ನ ಎರಡೂ ಬದಿ, ಮರೀನ್ ಡ್ರೈವ್ ಸೇರಿದ 94 ಕಟ್ಟಡಗಳ ಸಮೂಹವನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸಾಲಿನ ಹಿರಿಯಣ್ಣನ ಮನೆಯಲ್ಲಿ ಅಷ್ಟು ಹೊತ್ತಿಗೆ ಆಟ ನಿಂತು ವರ್ಷ ದಾಟಿತ್ತು. ಜಗತ್ತೇ ಬಂದು ನೋಡಬೇಕಾದ ಸಿನಿಮಾ ಮಂದಿರದಲ್ಲಿ ಸಿನಿಮಾ ಇಲ್ಲ!

ನಡುವೆ 2022ರಲ್ಲಿ ಒಳಗಿನ ಕೆಲಸ ಶುರುವಾಯಿತು. ಫೋನಿನಲ್ಲಿ ಫೋಟೊಗಳು ಹರಿದಾಡಿ ‘ಇರೋಸ್ ಕೆಡವುತ್ತಿದ್ದಾರೆ’ ಎಂದು ಊರೆಲ್ಲ ಗುಲ್ಲು. ನಮ್ಮ ಹಳೇ ಬ್ಯಾಂಕ್ ಗುಂಪಿನಲ್ಲಿ ಎರಡು ದಿನ ಸೂತಕ. ಅತ್ತವರಲ್ಲಿ ಎಷ್ಟು ಮಂದಿ ಕೊನೆಯ ಹತ್ತು ವರ್ಷದಲ್ಲಿ ಅಲ್ಲಿ ಟಿಕೆಟ್ ತೆಗೆದಿದ್ದರು ಎಂದು ಕೇಳುವ ಆಸೆಯಿತ್ತು. ಸ್ನೇಹ ಉಳಿಯಲಿ ಅಂತ ಕೇಳಲಿಲ್ಲ. ಕಡೆಗೆ ತಿಳಿದದ್ದು, ಹೊರಮೈ ಹಾಗೇ ಉಳಿಸಿಕೊಂಡು ಒಳಗೆ ಹೊಸ ಹಾಲ್ ಕಟ್ಟುತ್ತಿದ್ದಾರೆ ಎಂದು. ಪುನರುದ್ಧಾರದ ಹೊಣೆ ಹೊತ್ತವರು ಕೀರ್ತಿದಾ ಉನ್ವಾಲಾ ಎಂಬ ವಾಸ್ತುಶಿಲ್ಪಿ. 2024ರ ಫೆಬ್ರುವರಿಯಲ್ಲಿ ಮಲ್ಟಿಪ್ಲೆಕ್ಸ್ ಕಂಪನಿ ಪಿವಿಆರ್ ಐನಾಕ್ಸ್‌ನವರ ಐಮ್ಯಾಕ್ಸ್ ಎಂಬ ದೈತ್ಯ ಪರದೆಯೊಂದಿಗೆ ಬಾಗಿಲು ತೆರೆಯಿತು.

ನಾನು ಹೋದದ್ದು ಮಗಳ ಜೊತೆ. ‘ಅಮ್ಮಾ, ಅಷ್ಟು ದುಡ್ಡಿಗೆ ಇಬ್ಬರ ಊಟ ಆಗತದ’ ಅಂದಳು. ಆಗಲಿ ಬಿಡು ಅಂದೆ. ನಮ್ಮವರು ಮೊದಲೇ ಕೈ ಎತ್ತಿದ್ದರು, ‘ಆ ಗದ್ದಲ ನನ್ನ ಕಿವಿಗೆ ಆಗೂದಿಲ್ಲ, ನೀವು ಹೋಗಿ ಬರ್ರಿ’ ಅಂತ.

ಹೊರಗಿನಿಂದ ಶುರು ಮಾಡೋಣ. ನಾನು ಕೆಲಸಕ್ಕೆ ಓಡಾಡುತ್ತಿದ್ದ ಕಾಲದಲ್ಲಿ ಗೋಡೆಯ ಮೇಲೆ ಪೋಸ್ಟರು, ಬೋರ್ಡು, ಮಳೆಯ ಕಲೆ ಎಲ್ಲ ಸೇರಿ ಕಟ್ಟಡದ ಗೆರೆಗಳೇ ಕಾಣುತ್ತಿರಲಿಲ್ಲ. ಈಗ ಕಾಣುತ್ತವೆ. ಎದುರಿನ ಫುಟ್‌ಪಾತಿನಲ್ಲಿ ನಿಂತು ಗೋಪುರವನ್ನು ಬುಡದಿಂದ ತುದಿವರೆಗೆ ನೋಡಿ, ಕೆಂಪು ಕಲ್ಲಿನ ಪಟ್ಟಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅಂತ ಬೆರಳಲ್ಲಿ ತೋರಿಸಬಹುದು. ಸಂಜೆ ಬೆಳಕಲ್ಲಿ ಹೋದರೆ ಇನ್ನೂ ಚೆಂದ. ಒಳಗೆ ಅದೇ ಕಪ್ಪು-ಬಿಳಿ ಅಮೃತಶಿಲೆ, ಅಲ್ಲಲ್ಲಿ ಚಿನ್ನದ ಬಣ್ಣದ ಎಳೆ. ಮೆಟ್ಟಿಲ ಪಕ್ಕದ ಹಿಡಿಗಂಬಿಯ ಕ್ರೋಮಿಯಂ ಹೊಳಪು ಅಂಗೈಗೆ ತಣ್ಣಗೆ ತಾಕಿತು. ನನಗೆ ಮಂಡಿ ನೋವಿದೆ, ಮೆಟ್ಟಿಲು ಅಂದರೆ ದೂರ. ಈ ಮೆಟ್ಟಿಲನ್ನು ಮಾತ್ರ ಹತ್ತಲೇಬೇಕು, ನಿಧಾನವಾಗಿ, ನಡುವೆ ನಿಂತು. ಇಷ್ಟು ತಗ್ಗಾದ, ಅಗಲವಾದ ಮೆಟ್ಟಿಲನ್ನು ಈಗ ಯಾರು ಕಟ್ಟುತ್ತಾರೆ? ಸೀರೆಯ ನೆರಿಗೆ ಹಿಡಿಯದೆ ಹತ್ತಬಹುದು. ಸಿನಿಮಾ ನೋಡಲು ಬಂದವರೂ ಯಾವುದೋ ಸಮಾರಂಭಕ್ಕೆ ಬಂದವರಂತೆ ಬೆನ್ನು ನೆಟ್ಟಗೆ ಮಾಡಿಕೊಂಡು ಹತ್ತಲಿ ಎಂಬುದೇ ಆ ಕಾಲದವರ ಉದ್ದೇಶ ಇದ್ದಿರಬೇಕು. ನನ್ನ ಮಗಳು ಫೋನು ತೆಗೆಯದೆ ಹತ್ತಿದಳು ಅಂದರೆ ನಂಬಿ.

ಹಾಲಿನ ಬಾಗಿಲು ದಾಟಿದ ಮೇಲೆ ಹಳೆಯದು ಮುಗಿಯಿತು. ಇದು ಬೇರೆಯೇ ಕೋಣೆ. ಗೋಡೆಯಿಂದ ಗೋಡೆಗೆ, ನೆಲದಿಂದ ಸೂರಿಗೆ ಪರದೆ, ಸ್ವಲ್ಪ ಒಳಬಾಗಿದೆ. ಸಾಲುಗಳು ಕಡಿದಾಗಿ ಏರಿರುವುದರಿಂದ ಮುಂದೆ ಎಷ್ಟೇ ಎತ್ತರದವನು ಕೂತರೂ ಚಿಂತೆಯಿಲ್ಲ. ಹಳೇ ಸ್ಟಾಲಿನಲ್ಲಿ ಕೂತು ಎರಡು ತುರುಬುಗಳ ನಡುವೆ ಅರ್ಧ ನಾಯಕಿಯನ್ನು ನೋಡಿದವಳಿಗೆ ಇದು ದೊಡ್ಡ ಮಾತು. ಲೇಸರ್ ಪ್ರೊಜೆಕ್ಟರಿನ ಬೆಳಕು ಬೇರೆ. ಕಪ್ಪು ಅಂದರೆ ಕಪ್ಪಾಗಿಯೇ ಕಾಣುತ್ತದೆ, ಬೂದಿ ಬಣ್ಣಕ್ಕೆ ತಿರುಗುವುದಿಲ್ಲ. ರಾತ್ರಿಯ ದೃಶ್ಯದಲ್ಲೂ ಹಿಂದೆ ನಿಂತವನ ಮುಖ ಗೊತ್ತಾಗುತ್ತದೆ. ಸದ್ದು ಕುರ್ಚಿಯ ಮೂಲಕ ಬೆನ್ನಿಗೆ ಬರುತ್ತದೆ. ನಮ್ಮವರು ಬಾರದೆ ಇದ್ದದ್ದು ಒಳ್ಳೆಯದೇ ಆಯಿತು. ಸಣ್ಣ ಮಕ್ಕಳನ್ನು ಕರೆದೊಯ್ಯುವವರು ಕಿವಿಗೆ ಹತ್ತಿ ಒಯ್ಯುವುದು ಲೇಸು.

ಈಗ ಆ ಲೆಕ್ಕ. ಹೊಸ ಹಾಲಿನಲ್ಲಿ ಸೀಟು 305. ನಾಲ್ಕು ಆಟ ತುಂಬಿದರೆ 1220. ಅಂದರೆ ಹಳೇ ಇರೋಸ್ ಒಂದು ಮ್ಯಾಟಿನಿಗೆ ಕೂರಿಸುತ್ತಿದ್ದಷ್ಟು ಮಂದಿಯನ್ನು ಹೊಸದು ದಿನವಿಡೀ ಕೂರಿಸುತ್ತದೆ. ಕಟ್ಟಡ ಉಳಿದ ಗುಟ್ಟು ಇದರಲ್ಲೇ ಇದೆ: ಕಡಿಮೆ ಜನ, ಹೆಚ್ಚು ದರ, ಉಳಿದ ಜಾಗಕ್ಕೆ ಬಾಡಿಗೆ. ಅದೇ ಕಟ್ಟಡದಲ್ಲೀಗ ರಿಲಯನ್ಸ್‌ನವರ ‘ಸ್ವದೇಶ್’ ಮಳಿಗೆಯೂ ಇದೆ, ಕೈಮಗ್ಗ, ಕರಕುಶಲ ವಸ್ತುಗಳದ್ದು. ಇಳಕಲ್ ಸೀರೆ ಇಟ್ಟಿದ್ದಾರೋ ಕೇಳೋಣ ಅಂತ ಮಗಳಿಗೆ ಅಂದೆ. ‘ಬ್ಯಾಡಮ್ಮಾ, ಸಿನಿಮಾ ಟಿಕೆಟ್ಟೇ ಸಾಕು’ ಅಂತ ಕೈಹಿಡಿದು ಎಳೆದಳು. ಕಂಬಾಟಾ ಕಟ್ಟಡದಲ್ಲಿ ಅಂಗಡಿಗಳು ಹೊಸದಲ್ಲ, ಒಂದು ಕಾಲಕ್ಕೆ ಐಸ್ ಸ್ಕೇಟಿಂಗ್ ಅಂಗಳವೂ ಇತ್ತಂತೆ. ಹಾಗಾಗಿ ಮಳಿಗೆ ನೋಡಿ ಮೂಗು ಮುರಿಯಲಾರೆ. ನಾನು ಅಂಕ ಕಡಿಯುವುದು ಬೇರೆ ಕಡೆ. ಡಾಕಿನ ಕೂಲಿಗೆ ಕೈಗೆಟುಕುವ ಸ್ಟಾಲ್ ದರ್ಜೆ ಈಗಿಲ್ಲ. 305 ಸೀಟಿನಲ್ಲಿ ಮುಂದಿನ ಎರಡು ಸಾಲು, ವಾರದ ದಿನಗಳ ಬೆಳಗಿನ ಆಟಕ್ಕಾದರೂ, ಬಡವರ ದರಕ್ಕೆ ಬಿಡಬಾರದೇ? ಹೇಗೂ ಆ ಸಾಲುಗಳು ಕೊನೆಗೆ ತುಂಬುವಂಥವು. ಊರ ಕಡೆ ಕರ್ನಾಟಕ ಸರ್ಕಾರ 2025ರಲ್ಲಿ ಟಿಕೆಟಿಗೆ 200 ರೂಪಾಯಿ ಮಿತಿ ಹಾಕಹೋಗಿ ಹೈಕೋರ್ಟಿನ ತಡೆ ಬಂತಲ್ಲ, ಆ ಜಗಳದಲ್ಲಿ ನಾನು ಮಿತಿಯ ಕಡೆಯವಳು. ಗೊತ್ತಿರಲಿ.

ಹಾಗಂತ ಹಳೆಯದೇ ಇರಬೇಕಿತ್ತು ಅನ್ನುವವರ ಜೊತೆ ನಾನಿಲ್ಲ. ಬೆಂಗಳೂರಿನ ಕಪಾಲಿಯನ್ನು ನೋಡಿ. ಇರೋಸ್‌ಗೆ ಸೀಲು ಬಿದ್ದ ಅದೇ 2017ರಲ್ಲಿ ಅದೂ ಮುಚ್ಚಿತು. ಮುಚ್ಚಿದ್ದಷ್ಟೇ ಅಲ್ಲ, ಕಟ್ಟಡವೇ ಹೋಯಿತು. ಎಂ.ಜಿ. ರಸ್ತೆಯ ಪ್ಲಾಜಾ ಇದ್ದ ಜಾಗದಲ್ಲಿ ಮೆಟ್ರೋ ಸ್ಟೇಷನ್ನು. ಮೈಸೂರಿನ ಶಾಂತಲಾ ಕೊರೋನಾ ವರ್ಷದಲ್ಲಿ ಬಾಗಿಲು ಹಾಕಿತು. ಅಲ್ಲಿರುವ ನನ್ನ ತಂಗಿ ಫೋನಿನಲ್ಲಿ ಹೇಳಿ ಅತ್ತಿದ್ದಳು. ಇಲ್ಲೇ ಮುಂಬಯಿಯ ಮೆಟ್ರೋ ಚಿತ್ರಮಂದಿರ 2006ರಲ್ಲಿ ಒಂದೇ ಹಾಲನ್ನು ಹಲವು ಪರದೆಗಳಾಗಿ ಹಂಚಿಕೊಂಡು ಬದುಕಿತು. ರಾಯಲ್ ಒಪೇರಾ ಹೌಸ್ ಇಪ್ಪತ್ತು ವರ್ಷಕ್ಕೂ ಹೆಚ್ಚು ಮುಚ್ಚಿದ್ದು 2016ರಲ್ಲಿ ನಾಟಕ-ಸಂಗೀತದ ಮನೆಯಾಗಿ ಎದ್ದಿತು. ಇವುಗಳಲ್ಲಿ ಯಾವ ದಾರಿಯಾದರೂ ಸರಿ, ಜೆಸಿಬಿಗಿಂತ ಒಳ್ಳೆಯದು. ಇರೋಸ್‌ನವರು ಹಾಲನ್ನು ಹೋಳು ಮಾಡದೆ ಒಂದೇ ಪರದೆ ಇಟ್ಟುಕೊಂಡದ್ದಕ್ಕೆ ನಾನು ಒಂದು ಅಂಕ ಹೆಚ್ಚೇ ಕೊಡುತ್ತೇನೆ. ಇಡೀ ಮನೆ ಒಟ್ಟಿಗೆ ನಗುವ, ಒಟ್ಟಿಗೆ ‘ಅಯ್ಯೋ’ ಅನ್ನುವ ಸದ್ದು 305 ಮಂದಿಯಲ್ಲೂ ಬರುತ್ತದೆ. ನಾಲ್ಕು ಗೋಡೆ ಹಾಕಿ ಹಂಚಿದ್ದರೆ ಬರುತ್ತಿರಲಿಲ್ಲ.

ಹೋಗುವವರಿಗೆ: ಪಶ್ಚಿಮ ಲೈನಿನ ಕೊನೆ ಸ್ಟೇಷನ್ ಚರ್ಚ್‌ಗೇಟ್, ನಿದ್ದೆ ಹೋದರೂ ತಪ್ಪುವುದಿಲ್ಲ. ಈಗ ಭೂಗತ ಮೆಟ್ರೋ ರೈಲೂ ಬಂದಿದೆ. ಆಟಕ್ಕೆ ಅರ್ಧ ಗಂಟೆ ಮೊದಲೇ ಮುಟ್ಟಿ, ಕಟ್ಟಡವನ್ನು ಹೊರಗಿನಿಂದ ಒಂದು ಸುತ್ತು ನೋಡಿಕೊಂಡು ಒಳಗೆ ಹೋಗಿ. ತಿಂಡಿ ಹೊರಗೇ ಮುಗಿಸಿ. ಫೋರ್ಟಿನ ಕಡೆ ನಡೆದರೆ ನಮ್ಮವರ ಉಡುಪಿ ಹೋಟೆಲುಗಳಿವೆ, ಪಾಪ್‌ಕಾರ್ನಿನ ದುಡ್ಡಿಗೆ ಎರಡು ಮಸಾಲೆ ದೋಸೆ ಬಂದಾವು. ಎಲ್ಲ ಚಿತ್ರಕ್ಕೂ ಇಲ್ಲಿಗೆ ಬರಬೇಡಿ. ಇಬ್ಬರು ಸೋಫಾದಲ್ಲಿ ಕೂತು ಮಾತಾಡುವ ಚಿತ್ರಕ್ಕೆ ಇಷ್ಟು ದೊಡ್ಡ ಪರದೆ ದಂಡ. ಬೆಟ್ಟ, ಸಮುದ್ರ, ಯುದ್ಧ, ಆಕಾಶ ಇರುವ ಚಿತ್ರ ಬಂದಾಗ ಬನ್ನಿ. ಟಿಕೆಟ್ ತೆಗೆಯುವಾಗ ಹಿಂದಿನಿಂದ ಮೂರು-ನಾಲ್ಕನೆಯ ಸಾಲು, ನಟ್ಟನಡುವೆ. ಮುಂದಿನ ಸಾಲಷ್ಟೇ ಉಳಿದಿದ್ದರೆ ಆ ಆಟ ಬಿಟ್ಟುಬಿಡಿ. ಐವತ್ತು ದಾಟಿದ ಕುತ್ತಿಗೆಗೆ ಅದು ಆಗುವ ಮಾತಲ್ಲ.